ಎರಿ ಹೊಲದ ಸಂಶೋಧನೆಗೆ ಮುನ್ನೂರು ಪದ

ತಂಗೀ,

ಭೂದೃಶ್ಯ ಪರಿಸರ ವಿಜ್ಞಾನದ ಸಮ್ಮೇಳನಕ್ಕೆ ಸಾರಾಂಶ ಕಳಿಸುವ ಆಸೆ ನಿನಗಿದೆ. ಜೊತೆಗೆ ಹಿಂಜರಿಕೆಯೂ ಇದೆ. ‘ಆಳಂದ, ಅಫಜಲಪುರ, ಜೇವರ್ಗಿಯೊಳಗ ಏನದ ಸರ್? ಕಾಡಿಲ್ಲ, ಬೆಟ್ಟಿಲ್ಲ, ಕಣ್ಣು ಹಾಯೋತನಕ ತೊಗರಿ ಹೊಲ’ ಎಂದು ಕೇಳಿದೆಯಲ್ಲ, ಅದಕ್ಕೆ ಮೊದಲು ಉತ್ತರ ಹೇಳುತ್ತೇನೆ.

ಈ ವಿಜ್ಞಾನಕ್ಕೆ ಕಾಡೇ ಬೇಕೆಂದಿಲ್ಲ. 1939ರಲ್ಲಿ ಜರ್ಮನಿಯ ಭೂಗೋಳಶಾಸ್ತ್ರಜ್ಞ ಕಾರ್ಲ್ ಟ್ರಾಲ್ ವಿಮಾನದಿಂದ ತೆಗೆದ ಚಿತ್ರಗಳನ್ನು ಅಭ್ಯಾಸ ಮಾಡುತ್ತ ಇದಕ್ಕೆ ಹೆಸರಿಟ್ಟರು. 1982ರಲ್ಲಿ ಆಗಿನ ಚೆಕೊಸ್ಲೊವಾಕಿಯಾದ ಪಿಯೆಶ್ತ್ಯಾನಿ ಎಂಬ ಊರಿನಲ್ಲಿ ಇದರ ಅಂತರರಾಷ್ಟ್ರೀಯ ಸಂಘ ಹುಟ್ಟಿತು. ಯುರೋಪಿನಲ್ಲಿ ಇದು ಬೆಳೆದದ್ದು ಬಹುಪಾಲು ಉಳುಮೆಯ ನೆಲದಲ್ಲೇ. ಹೊಲ, ಬೇಲಿ, ಹಳ್ಳ, ಊರು ಒಂದರ ಪಕ್ಕ ಒಂದು ಹೇಗೆ ಕೂತಿವೆ, ಆ ಜೋಡಣೆ ಬದಲಾದರೆ ನೀರು, ಮಣ್ಣು, ಹಕ್ಕಿ, ಹುಳದ ಬದುಕು ಹೇಗೆ ಬದಲಾಗುತ್ತದೆ ಎಂಬುದು ಇದರ ಮೂಲ ಪ್ರಶ್ನೆ. ಈ ಪ್ರಶ್ನೆ ಕೇಳಲು ಕಲಬುರಗಿ ಜಿಲ್ಲೆಯ ನಮ್ಮ ಈ ಮೂರು ತಾಲ್ಲೂಕುಗಳಿಗಿಂತ ಒಳ್ಳೆಯ ಜಾಗ ಯಾವುದಿದೆ?

ಆಳಂದದ ಅಮರ್ಜಾ ಹಳ್ಳವನ್ನೇ ತೆಗೆದುಕೋ. ಕೊರಳ್ಳಿಯ ಹತ್ತಿರ ಅಣೆಕಟ್ಟು ದಾಟಿ, ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಸೇರುತ್ತದೆ. ಅದರ ಎರಡೂ ದಂಡೆಯ ಹಸಿರು ಎಷ್ಟು ಅಗಲ ಉಳಿದಿದೆ, ಎಲ್ಲೆಲ್ಲಿ ಹರಿದು ತುಂಡಾಗಿದೆ ಎಂಬುದೇ ಒಂದು ಪೂರ್ತಿ ಸಂಶೋಧನೆ. ಅಫಜಲಪುರದಲ್ಲಿ ಭೀಮೆಯ ನೀರು, ಸೊನ್ನ ಬ್ಯಾರೇಜು, ಅದರ ಬೆನ್ನಿಗೆ ಕಬ್ಬು. ಜೇವರ್ಗಿಯ ಎರಿಯಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ತೊಗರಿ, ಹತ್ತಿ, ಜೋಳ. ಈ ಹೊಲಗಳ ನಡುವೆಯೇ ಚಿಗರಿ ಹಿಂಡು ತಿರುಗುತ್ತದೆ, ರೈತ ಅದನ್ನು ಬೈಯುತ್ತಲೂ ಇರುತ್ತಾನೆ. ಗಡಿ ದಾಟಿದರೆ ಸೊಲ್ಲಾಪುರ ಜಿಲ್ಲೆಯ ನನ್ನಜ್. ಅಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಗಾಗಿ 1979ರಲ್ಲೇ ಅಭಯಾರಣ್ಯ ಮಾಡಿದರು. ಆ ಹುಲ್ಲುನೆಲವೂ ನಮ್ಮ ದನ ಮೇಯುವ ಗಾಯರಾಣವೂ ಒಂದೇ ದಖ್ಖನ್ ಪ್ರಸ್ಥಭೂಮಿಯ ಒಣನೆಲ. ನಮ್ಮ ಜಿಲ್ಲೆಯಲ್ಲಿ ಕಾಡು ಬೇಕೆನ್ನುವವರು ಚಿಂಚೋಳಿಯ ಕಡೆ ನೋಡುತ್ತಾರೆ. ನೀನು ನಿನ್ನ ಬಯಲನ್ನೇ ನೋಡು.

ಇನ್ನು ಬರವಣಿಗೆಗೆ ಬರೋಣ. ಇಂಥ ಸಮ್ಮೇಳನಗಳು ಸಾಮಾನ್ಯವಾಗಿ ಇನ್ನೂರೈವತ್ತು, ಮುನ್ನೂರು ಪದ ಕೊಡುತ್ತವೆ. ನಮ್ಮ ಕಡೆಯ ಹುಡುಗರ ಸಾರಾಂಶದಲ್ಲಿ ಅದರ ಅರ್ಧ ‘ಆಳಂದ ತಾಲ್ಲೂಕು ಇಷ್ಟು ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ವಾರ್ಷಿಕ ಮಳೆ ಇಷ್ಟು, ಮುಖ್ಯ ಬೆಳೆ ತೊಗರಿ’ ಎಂಬ ಗೆಜೆಟಿಯರ್ ಮಾತಿಗೇ ಮುಗಿದುಹೋಗುತ್ತದೆ. ಪರಿಶೀಲಕರು ಒಂದೇ ಕೂತಲ್ಲಿ ಹತ್ತಾರು ಸಾರಾಂಶ ಓದುತ್ತಿರುತ್ತಾರೆ. ಅವರಿಗೆ ಮೊದಲ ಎರಡು ವಾಕ್ಯದಲ್ಲಿ ಪ್ರಶ್ನೆ ಕಾಣಬೇಕು. ‘ಕಾಲುವೆ ನೀರು ಬಂದ ಮೇಲೆ ಬದುವಿನ ಮರಗಳು ಉಳಿದವೇ? ಉಳಿಯದಿದ್ದರೆ ಹಕ್ಕಿಗಳಿಗೆ ಏನಾಯಿತು?’ ಇಷ್ಟು ನೇರವಾಗಿರಲಿ. ಊರಿನ ಪರಿಚಯಕ್ಕೆ ಒಂದು ವಾಕ್ಯ ಸಾಕು. ಅದರಲ್ಲೂ ಪ್ರಶ್ನೆಗೆ ಬೇಕಾದ ವಿವರ ಮಾತ್ರ ಇರಲಿ, ಕಪ್ಪು ಮಣ್ಣು, ಮಳೆಯಾಶ್ರಿತ ಬೇಸಾಯ, ಸಣ್ಣ ಹಿಡುವಳಿ ಎಂಬಷ್ಟು. ಮೊದಲು ಕನ್ನಡದಲ್ಲೇ ಬರೆದುಕೋ. ಯೋಚನೆ ಗಟ್ಟಿಯಾದ ಮೇಲೆ ಇಂಗ್ಲಿಷ್ ತಾನಾಗಿ ಚಿಕ್ಕದಾಗುತ್ತದೆ.

ವಿಧಾನದ ಭಾಗದಲ್ಲಿ ನಿನಗಿರುವಷ್ಟು ಬಲ ದೂರದವರಿಗಿಲ್ಲ. ಅದನ್ನು ಬಿಟ್ಟುಕೊಡಬೇಡ. ಉಪಗ್ರಹ ಚಿತ್ರ ಇವತ್ತು ಎಲ್ಲರಿಗೂ ಸಿಗುತ್ತದೆ. ಲ್ಯಾಂಡ್‌ಸ್ಯಾಟ್ ಸರಣಿ 1972ರಿಂದ ಇದೆ, 2008ರಿಂದ ಉಚಿತ. ಸೆಂಟಿನೆಲ್-2 ಚಿತ್ರ 2015ರಿಂದ ಹತ್ತು ಮೀಟರ್ ಸೂಕ್ಷ್ಮತೆಯಲ್ಲಿ ಸಿಗುತ್ತಿದೆ. ಇಸ್ರೋದ ಭುವನ್ ತಾಣದಲ್ಲಿ ಭೂಬಳಕೆಯ ನಕ್ಷೆಗಳಿವೆ. ಲೆಕ್ಕ ಹಾಕಲು ಕ್ಯೂಜಿಐಎಸ್ ಇದೆ, ಅದಕ್ಕೂ ದುಡ್ಡು ಬೇಡ. ಆದರೆ ಮೋಡ ಕಡಿಮೆಯೆಂದು ಬೇಸಿಗೆಯ ಒಂದೇ ಚಿತ್ರ ಇಟ್ಟುಕೊಂಡು ನಕ್ಷೆ ಮಾಡುವವರು ಬಹಳ. ಮೇ ತಿಂಗಳಲ್ಲಿ ನಮ್ಮ ಎರಿ ಬೋಳಾಗಿ ಬಿರುಕು ಬಿಟ್ಟಿರುತ್ತದೆ. ಕಂಪ್ಯೂಟರ್ ಅದನ್ನು ಬೀಳು ಎನ್ನುತ್ತದೆ. ಜೂನ್-ಜುಲೈಯಲ್ಲಿ ಬಿತ್ತಿದ ತೊಗರಿ ಡಿಸೆಂಬರ್-ಜನವರಿಯಲ್ಲಿ ರಾಶಿಗೆ ಬರುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಹಿಂಗಾರಿ ಜೋಳ ಹಾಕುವ ರೈತ ಮಳೆಗಾಲವೆಲ್ಲ ಹೊಲ ಖಾಲಿ ಬಿಟ್ಟು ಹರಗುತ್ತಿರುತ್ತಾನೆ, ನೀರನ್ನು ಮಣ್ಣಿನೊಳಗೆ ಕೂಡಿಟ್ಟು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತುತ್ತಾನೆ. ಆಗಸ್ಟಿನ ಚಿತ್ರದಲ್ಲಿ ಆ ಹೊಲ ಬರಿದು, ಆದರೆ ಬೀಳಲ್ಲ. ಏಪ್ರಿಲ್‌ನಲ್ಲಿ ಭೀಮೆಯ ದಂಡೆಗೆ ಹಸಿರಾಗಿ ಕಂಡದ್ದು ಹೆಚ್ಚಾಗಿ ಕಬ್ಬು, ಇಲ್ಲವೇ ಜಾಲಿ. ಇದನ್ನು ಬಲ್ಲವಳು ಮೂರು ಕಾಲದ ಚಿತ್ರ ಇಟ್ಟು ವರ್ಗೀಕರಣ ಮಾಡುತ್ತಾಳೆ, ಹೊಲಕ್ಕೆ ಹೋಗಿ ತಾಳೆ ನೋಡುತ್ತಾಳೆ. ‘ಮುಂಗಾರಿ, ಹಿಂಗಾರಿ, ಬೇಸಿಗೆ ಚಿತ್ರಗಳನ್ನು ಕೂಡಿಸಿದ್ದರಿಂದ ಬೀಳು ಎಂದು ತಪ್ಪಾಗಿ ಗುರುತಾದ ಹೊಲಗಳು ಇಷ್ಟು ಕಡಿಮೆಯಾದವು’ ಎಂದು ನಿನ್ನ ಲೆಕ್ಕದ ಅಂಕಿಯಿಟ್ಟು ಬರೆ. ಆ ಒಂದು ವಾಕ್ಯಕ್ಕಾಗಿ ಪರಿಶೀಲಕ ನಿನ್ನ ಸಾರಾಂಶವನ್ನು ಎರಡನೇ ಸಲ ಓದುತ್ತಾನೆ.

ಬದುವಿನ ವಿಷಯವೂ ಅಷ್ಟೇ. ಹೊಲಗಳ ನಡುವಿನ ಬದು ಒಂದೆರಡು ಮೀಟರ್ ಅಗಲ. ಅದರ ಮೇಲೆ ಬೇವು, ಬನ್ನಿ, ಕರಿಜಾಲಿ ನಿಂತಿವೆ. ಲ್ಯಾಂಡ್‌ಸ್ಯಾಟಿನ ಮೂವತ್ತು ಮೀಟರ್ ಚೌಕದಲ್ಲಿ ಆ ಬದು ಮಾಯವಾಗುತ್ತದೆ. ಹತ್ತು ಮೀಟರ್ ಚೌಕದಲ್ಲೂ ಮಸುಕು. ಹಕ್ಕಿಗೆ, ಮುಂಗುಸಿಗೆ, ಜೇನಿಗೆ ಮಾತ್ರ ಆ ಬದುವೇ ದಾರಿ. ಯಾವ ಅಳತೆಯ ಕಣ್ಣಿನಿಂದ ನೋಡಿದರೆ ಏನು ಕಾಣುತ್ತದೆ, ಏನು ತಪ್ಪಿಹೋಗುತ್ತದೆ ಎಂಬುದು ಈ ಶಾಸ್ತ್ರದ ನಡುಮನೆಯ ಚರ್ಚೆ. ಆದ್ದರಿಂದ ನಿನ್ನ ಬದುವಿನ ಕೆಲಸವನ್ನು ಸ್ಥಳೀಯ ಕೆಲಸವೆಂದು ಸಣ್ಣ ಮಾಡಿಕೊಳ್ಳಬೇಡ. ಕೊನೆಯ ವಾಕ್ಯದಲ್ಲಿ ಅದನ್ನು ಬಿಡಿಸಿ ಹೇಳು: ಸಣ್ಣ ಹಿಡುವಳಿಯ ಒಣ ಬೇಸಾಯ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಈ ತೊಡಕಿದೆ ಎಂದು. ಕೀನ್ಯಾದವರಿಗೂ ಮೆಕ್ಸಿಕೋದವರಿಗೂ ಅದು ತಾಗುತ್ತದೆ.

ಹಳೆಯ ಅಂಕಿಅಂಶ ಬಳಸುವಾಗ ಎಚ್ಚರ. 2011ರ ಜನಗಣತಿಯ ಜೇವರ್ಗಿಯೂ ಇವತ್ತಿನ ಜೇವರ್ಗಿಯೂ ಒಂದೇ ಅಲ್ಲ. ನಡುವೆ ಯಡ್ರಾಮಿ ಬೇರೆ ತಾಲ್ಲೂಕಾಗಿದೆ. ಎರಡನ್ನೂ ಹಾಗೇ ಹೋಲಿಸಿದರೆ ಹೊಲ ಕರಗಿದಂತೆ ಕಾಣುತ್ತದೆ, ಕರಗಿದ್ದು ಗಡಿ ಮಾತ್ರ. ತಾಲ್ಲೂಕಿನ ಗಡಿಗಿಂತ ಹಳ್ಳದ ಜಲಾನಯನವನ್ನೇ ಅಧ್ಯಯನದ ಘಟಕವಾಗಿ ಹಿಡಿಯುವುದು ಒಳ್ಳೆಯದು, ನೀರಿಗೆ ಕಂದಾಯ ಇಲಾಖೆಯ ಗೆರೆ ಗೊತ್ತಿಲ್ಲ. ಹಿಂದಿನ ಸಂಶೋಧನೆ ಹುಡುಕುವಾಗ ಗುಲ್ಬರ್ಗ ಎಂದೂ ಹುಡುಕು. ಜಿಲ್ಲೆಯ ಹೆಸರು ಕಲಬುರಗಿ ಆದದ್ದು 2014ರ ನವೆಂಬರ್‌ನಲ್ಲಿ, ಅದಕ್ಕೂ ಹಿಂದಿನ ಕೆಲಸ ಬಹುಪಾಲು ಹಳೆಯ ಹೆಸರಿನಲ್ಲೇ ಇದೆ.

ಫಲಿತಾಂಶ ಬರುವ ಮುಂಚೆ ಸಾರಾಂಶ ಕಳಿಸುವ ಪರಿಸ್ಥಿತಿ ಬಂದೀತು. ಆಗ ‘ಫಲಿತಾಂಶಗಳನ್ನು ಸಮ್ಮೇಳನದಲ್ಲಿ ಚರ್ಚಿಸಲಾಗುವುದು’ ಎಂಬ ಸವಕಲು ಸಾಲು ಬರೆಯಬೇಡ. ಕೈಯಲ್ಲಿರುವಷ್ಟನ್ನೇ ಹೇಳು: ಇಷ್ಟು ಹಳ್ಳಿಗಳ ಕೆಲಸ ಮುಗಿದಿದೆ, ಇಲ್ಲಿಯವರೆಗೆ ಕಂಡದ್ದು ಇದು. ಇಲ್ಲದ ಅಂಕಿ ಊಹಿಸಿ ಹಾಕುವ ಸಲಹೆ ಯಾರು ಕೊಟ್ಟರೂ ಒಪ್ಪಬೇಡ, ಎಷ್ಟೇ ದೊಡ್ಡವರಾಗಿರಲಿ. 2020ರ ಅಕ್ಟೋಬರ್‌ನಲ್ಲಿ ಭೀಮಾ ಪ್ರವಾಹ ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳನ್ನು ಮುಳುಗಿಸಿತಲ್ಲ, ಅಂಥದ್ದೇ ಮುಂದೆಯೂ ಬಂದಾಗ ಎಲ್ಲಿ ದಂಡೆ ಗಟ್ಟಿಯಿದೆ, ಎಲ್ಲಿಲ್ಲ ಎಂದು ತೀರ್ಮಾನಿಸುವವರು ನಿನ್ನ ನಕ್ಷೆ ತೆಗೆದು ನೋಡಬಹುದು. ಸುಳ್ಳು ಅಂಕಿಯ ಬೆಲೆಯನ್ನು ಆಗ ಆ ಊರಿನವರು ತೆರುತ್ತಾರೆ.

ಉಳಿದದ್ದು ಸಣ್ಣ ವ್ಯವಹಾರ. ಯಾವ ಗೋಷ್ಠಿಗೆ ಕಳಿಸುತ್ತಿದ್ದೀಯ ಎಂಬುದನ್ನು ಅವರ ಪಟ್ಟಿ ಓದಿ ಆರಿಸು. ತಪ್ಪು ಗೋಷ್ಠಿಗೆ ಹೋದರೆ ಒಳ್ಳೆಯ ಸಾರಾಂಶವೂ ಬಿದ್ದುಹೋಗುತ್ತದೆ. ಭಿತ್ತಿಪತ್ರಕ್ಕೆ ಒಪ್ಪಿದರೆ ಬೇಸರ ಬೇಡ, ಅಲ್ಲಿ ನಿಂತು ಮಾತಾಡುವ ಅರ್ಧ ಗಂಟೆ ವೇದಿಕೆಯ ಹತ್ತು ನಿಮಿಷಕ್ಕಿಂತ ಹೆಚ್ಚು ಕಲಿಸುತ್ತದೆ. ಸಹಲೇಖಕರ ಹೆಸರು ಹಾಕುವ ಮುಂಚೆ ಅವರಿಗೆ ಓದಿಸು. ಗಡುವಿನ ಮುಂದೆ ‘ಎಒಇ’ ಎಂದಿದ್ದರೆ ಅದು ಭೂಮಿಯ ಮೇಲೆ ದಿನ ಕಟ್ಟಕಡೆಗೆ ಮುಗಿಯುವ ಜಾಗದ ಮಧ್ಯರಾತ್ರಿ. ನಮಗೆ ಮರುದಿನ ಸಂಜೆ ಐದೂವರೆ ಆಗುತ್ತದೆ. ಅಲ್ಲಿಯವರೆಗೂ ಕಾಯದೆ ಎರಡು ದಿನ ಮುಂಚೆ ಕಳಿಸು. ಪ್ರಯಾಣ ನೆರವಿಗೆ ಅರ್ಜಿ ಹಾಕುವಾಗ ಸ್ವೀಕೃತಿ ಪತ್ರ ಕೇಳುತ್ತಾರೆ, ಅದನ್ನು ಜೋಪಾನವಾಗಿಡು.

ಒಂದೇ ದಿನದಲ್ಲಿ ‘ನಿಮ್ಮ ಸಾರಾಂಶ ಆಯ್ಕೆಯಾಗಿದೆ, ಶುಲ್ಕ ಕಟ್ಟಿ’ ಎಂದು ಬರುವ ಪತ್ರವನ್ನು ನಂಬಬೇಡ. ಮೊದಲು ಹೇಳಿದ ಅಂತರರಾಷ್ಟ್ರೀಯ ಸಂಘದ ವಿಶ್ವ ಸಮ್ಮೇಳನ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. 2019ರಲ್ಲಿ ಮಿಲಾನ್‌ನಲ್ಲಿ ನಡೆಯಿತು, 2023ರಲ್ಲಿ ನೈರೋಬಿಯಲ್ಲಿ. ನಡುನಡುವೆ ಪ್ರಾದೇಶಿಕ ಶಾಖೆಗಳ ಸಭೆಗಳಿರುತ್ತವೆ. ಯಾರು ನಡೆಸುತ್ತಾರೆ, ಪರಿಶೀಲನಾ ಸಮಿತಿಯಲ್ಲಿ ಯಾರಿದ್ದಾರೆ ಎಂದು ಮಾರ್ಗದರ್ಶಕರನ್ನು ಕೇಳಿ ಖಚಿತ ಮಾಡಿಕೊಂಡ ಮೇಲೆಯೇ ದುಡ್ಡು ಕಟ್ಟು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನಲ್ಲೇ ಇದೆ. ಅಲ್ಲಿನ ಭೂಗೋಳ ವಿಭಾಗಕ್ಕೆ ಹೋಗಿ ಕೇಳಲು ಸಂಕೋಚಪಡಬೇಡ.

ಸಮ್ಮೇಳನದವರು ಸಾರಾಂಶವನ್ನು ಒಪ್ಪದಿದ್ದರೆ ಪರಿಶೀಲಕರ ಟಿಪ್ಪಣಿ ಓದಿ, ತಿದ್ದಿ, ಮುಂದಿನ ಸಭೆಗೆ ಕಳಿಸು. ಒಪ್ಪಿದರೆ ಇನ್ನೊಂದು ಕೆಲಸವಿದೆ. ನಿನಗೆ ಹೊಲ ತೋರಿಸಿದವರ, ಬದು ಅಳೆಯಲು ಬಿಟ್ಟವರ ಪಂಚಾಯಿತಿಗೆ ಅದೇ ಮುನ್ನೂರು ಪದವನ್ನು ಕನ್ನಡದಲ್ಲಿ ಬರೆದು ನಕ್ಷೆಯೊಂದಿಗೆ ಕೊಟ್ಟು ಬಾ.