ನೀರುಚಿಗಟದ ಸಾಕ್ಷ್ಯ

ಮೊಳಕಾಲ್ಮೂರು ಎಂದೊಡನೆ ಮನಸ್ಸಿಗೆ ಬರುವುದು ರೇಷ್ಮೆ ಸೀರೆ. ಚಳ್ಳಕೆರೆ ಎಂದೊಡನೆ ಶೇಂಗಾ, ಎಣ್ಣೆಯ ಗಿರಣಿ, ಕುರಿಯ ಕಂಬಳಿ. ಚಿತ್ರದುರ್ಗ ಜಿಲ್ಲೆಯ ಈ ಎರಡು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿವೆ. ವೇದಾವತಿ ನದಿ ಚಳ್ಳಕೆರೆ ತಾಲ್ಲೂಕಿನ ಮೂಲಕ ಹಾದುಹೋಗುವುದಾದರೂ, ಮಳೆ ಕೈಕೊಟ್ಟ ವರ್ಷಗಳಲ್ಲಿ ಅದರ ಪಾತ್ರದಲ್ಲಿ ಕಾಣುವುದು ಮರಳೇ ಹೊರತು ನೀರಲ್ಲ. ಆದುದರಿಂದಲೇ ಇಲ್ಲಿನ ಜನರು ಹಿಂದಿನಿಂದಲೂ ಕೆರೆಗಳನ್ನು ನಂಬಿ ಬಾಳಿದವರು.

ತುಂಬಿ ಹರಿಯುವ ಹೊಳೆಗೆ ಬಿದ್ದ ಕೊಳೆ ತೆಳುವಾಗಿ ಮುಂದೆ ಸಾಗುತ್ತದೆ. ಬಯಲುಸೀಮೆಯ ಕೆರೆಯ ರೀತಿ ಬೇರೆ. ಅಲ್ಲಿ ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ. ಅದರಲ್ಲಿ ಕರಗಿದ ಉಪ್ಪು, ಲೋಹ ಮತ್ತು ಬೇಗನೆ ಕೊಳೆಯದ ರಾಸಾಯನಿಕಗಳು ಹಿಂದೆ ಉಳಿದು, ದಿನದಿಂದ ದಿನಕ್ಕೆ ಗಾಢವಾಗುತ್ತವೆ.

ರೇಷ್ಮೆಗೆ ಬಣ್ಣ ಹಾಕುವ ಕೆಲಸವನ್ನೇ ನೋಡಬಹುದು. ಗೂಡಿನಿಂದ ಬಿಚ್ಚಿದ ನೂಲಿನ ತೂಕದಲ್ಲಿ ಸುಮಾರು ಕಾಲುಭಾಗ ಒಂದು ಬಗೆಯ ಅಂಟು ಇರುತ್ತದೆ. ಸಾಬೂನು ಮತ್ತು ಸೋಡಾ ಹಾಕಿದ ನೀರಿನಲ್ಲಿ ನೂಲನ್ನು ಕುದಿಸಿ ಈ ಅಂಟನ್ನು ತೆಗೆದ ಮೇಲೆಯೇ ಬಣ್ಣ ಚೆನ್ನಾಗಿ ಹಿಡಿಯುವುದು. ಹಾಕಿದ ಬಣ್ಣವೆಲ್ಲ ನೂಲಿಗೆ ಅಂಟುವುದಿಲ್ಲ. ಮಿಕ್ಕದ್ದು ನೀರಿನಲ್ಲಿ ಉಳಿಯುತ್ತದೆ. ಕೆಲವು ಕೃತಕ ಬಣ್ಣಗಳ ರಚನೆಯಲ್ಲಿ ಕ್ರೋಮಿಯಂನಂತಹ ಲೋಹವೂ ಸೇರಿರುತ್ತದೆ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಮೊಳಕಾಲ್ಮೂರು ಸೀರೆಯ ಸೊಬಗು ಅದರ ಬಣ್ಣದ ಅಂಚಿನಲ್ಲಿದೆ. ಬಣ್ಣವನ್ನು ಬಿಡಿ ಎಂದು ನೇಕಾರನಿಗೆ ಹೇಳುವುದು ವಿವೇಕವಲ್ಲ. ಯಾವ ರಾಸಾಯನಿಕ ಎಷ್ಟು ಪ್ರಮಾಣದಲ್ಲಿ ಹಾನಿಕರ ಎಂಬುದನ್ನು ಅಳೆದು ತಿಳಿಯುವುದೇ ಸರಿಯಾದ ದಾರಿ. ಕೆಂಪಾಗಿ ಕಂಡ ನೀರೆಲ್ಲ ವಿಷವಲ್ಲ. ತಿಳಿಯಾಗಿ ಕಂಡ ನೀರೆಲ್ಲ ನಿರಪಾಯವೂ ಅಲ್ಲ.

ಜಲಮಾಲಿನ್ಯವನ್ನು ತಡೆಯುವ ಕಾಯಿದೆ ನಮ್ಮ ದೇಶದಲ್ಲಿ 1974ರಲ್ಲಿ ಜಾರಿಗೆ ಬಂದಿತು. ಅದೇ ವರ್ಷ ಕರ್ನಾಟಕದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಸ್ಥಾಪನೆಯಾಯಿತು. ಮುಂದೆ 1986ರ ಪರಿಸರ ಸಂರಕ್ಷಣಾ ನಿಯಮಗಳ ಅಡಿಯಲ್ಲಿ ಬಂದ ಮಾನದಂಡಗಳಲ್ಲಿ ಮೀನಿನ ಪರೀಕ್ಷೆಯೊಂದಿದೆ. ಹೊರಬಿಡುವ ನೀರಿನಲ್ಲಿ, ಬೇರೆ ನೀರನ್ನು ಬೆರೆಸದೆ, ಮೀನುಗಳನ್ನು ಇರಿಸಿದರೆ 96 ಗಂಟೆಗಳ ನಂತರ ಶೇಕಡ 90ರಷ್ಟಾದರೂ ಬದುಕಿರಬೇಕು. ಇದು ಉಪಯುಕ್ತವಾದ ಪರೀಕ್ಷೆಯೇ. ಆದರೆ ನಾಲ್ಕು ದಿನ ಬದುಕಿದ ಜೀವಿ ನಾಲ್ಕು ವಾರಗಳ ಬಳಿಕ ಏನಾಗುವುದು? ಅದರ ಸಂತಾನ ಮುಂದುವರಿಯುವುದೇ? ಈ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ.

ಉತ್ತರ ಹೇಳಬಲ್ಲ ಜೀವಿ ಪುಟ್ಟ ನೀರುಚಿಗಟ. ಶಾಸ್ತ್ರಜ್ಞರು ಇದನ್ನು ಡಾಫ್ನಿಯಾ ಎನ್ನುತ್ತಾರೆ. ಹೆಸರಿನಲ್ಲಿ ಚಿಗಟವಿದ್ದರೂ ಇದು ಕೀಟವಲ್ಲ. ಸೀಗಡಿ, ಏಡಿಗಳ ದೂರದ ಬಂಧು. ಬೆನ್ನೆಲುಬಿಲ್ಲದ ಈ ಪ್ರಾಣಿ ನೀರಿನ ಹಸಿರು ಪಾಚಿಯ ಕಣಗಳನ್ನು ಸೋಸಿ ತಿನ್ನುತ್ತದೆ. ಮೀನಿನ ಮರಿಗಳು ಇದನ್ನು ತಿಂದು ಬೆಳೆಯುತ್ತವೆ. ನೀರುಚಿಗಟಗಳು ಅಳಿದ ಕೆರೆಯಲ್ಲಿ ಬಲಿತ ಮೀನುಗಳು ಈಜಾಡುತ್ತಿದ್ದರೂ, ಮರಿಗಳಿಗೆ ಆಹಾರದ ಕೊರತೆಯಾಗಿ ಮುಂದಿನ ವರ್ಷದ ಬಲೆ ಬರಿದಾಗಬಹುದು.

ದೀರ್ಘಕಾಲದ ವಿಷಪರೀಕ್ಷೆ 21 ದಿನ ನಡೆಯುತ್ತದೆ. ಹುಟ್ಟಿ 24 ಗಂಟೆ ಮೀರದ ಹೆಣ್ಣು ಮರಿಗಳನ್ನು ಒಂದೊಂದು ಪಾತ್ರೆಗೆ ಒಂದರಂತೆ ಬಿಡುತ್ತಾರೆ. ಪಾತ್ರೆಗಳ ಒಂದು ಗುಂಪಿನಲ್ಲಿ ಶುದ್ಧ ನೀರು. ಉಳಿದ ಗುಂಪುಗಳಲ್ಲಿ ಪರೀಕ್ಷಿಸಬೇಕಾದ ರಾಸಾಯನಿಕವನ್ನು ಕ್ರಮವಾಗಿ ಹೆಚ್ಚುವ ಪ್ರಮಾಣಗಳಲ್ಲಿ ಬೆರೆಸಿರುತ್ತಾರೆ. ಮೇವಿಗೆ ಪಾಚಿ ಕೊಡುತ್ತಾರೆ. ಅನುಕೂಲ ಕಾಲದಲ್ಲಿ ಈ ಹೆಣ್ಣುಗಳು ಗಂಡಿನ ನೆರವಿಲ್ಲದೆಯೇ ಮರಿ ಹಾಕುವುದರಿಂದ ಒಬ್ಬೊಬ್ಬ ತಾಯಿಯ ಲೆಕ್ಕವನ್ನು ಬೇರೆಬೇರೆಯಾಗಿ ಇಡಬಹುದು. ಹುಟ್ಟಿದ ಮರಿಗಳನ್ನು ನಿತ್ಯವೂ ಎಣಿಸಿ ತೆಗೆಯುತ್ತಾರೆ. ಶುದ್ಧ ನೀರಿನಲ್ಲಿ ಬದುಕುಳಿದ ತಾಯಿಗೆ ಸರಾಸರಿ 60 ಮರಿಗಳಾದರೂ ಆಗದಿದ್ದರೆ ಆ ಪರೀಕ್ಷೆಯನ್ನೇ ಒಪ್ಪುವುದಿಲ್ಲ. ಸ್ವಚ್ಛ ನೀರಿನಲ್ಲಿಯೇ ಸೊರಗಿದ ಜೀವಿಯಿಂದ ವಿಷದ ಬಗೆಗೆ ಸಾಕ್ಷ್ಯ ಪಡೆಯುವುದೆಂತು?

ಅಮೆರಿಕದ ಡುಲುತ್ ನಗರದ ಪ್ರಯೋಗಾಲಯದಲ್ಲಿ ಹಲವು ಲೋಹಗಳ ಮೇಲೆ ನಡೆದು 1972ರಲ್ಲಿ ಪ್ರಕಟವಾದ ಮೂರು ವಾರಗಳ ಪರೀಕ್ಷೆಗಳು ಒಂದು ಮುಖ್ಯ ಸಂಗತಿಯನ್ನು ತೋರಿಸಿದವು: ತಾಯಿಯನ್ನು ಕೊಲ್ಲಲು ಸಾಲದ ಅಲ್ಪ ಪ್ರಮಾಣವೂ ಮರಿಗಳ ಸಂಖ್ಯೆಯನ್ನು ಕುಗ್ಗಿಸಬಲ್ಲುದು. ಹೆಣ ತೇಲದಿರುವುದೇ ಕ್ಷೇಮದ ಗುರುತೆಂದು ತಿಳಿದವರು ಕಾಣದೆ ಹೋಗುವ ನಷ್ಟ ಇದು.

ಈ ಪರೀಕ್ಷೆಗೂ ಮಿತಿಗಳುಂಟು. ಪಾತ್ರೆಯ ನೀರನ್ನು 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಇಡುತ್ತಾರೆ. ಚಳ್ಳಕೆರೆಯ ಬೇಸಗೆಗೆ ಅದು ಒಗ್ಗುವ ಮಾತಲ್ಲ. ಅಲ್ಲದೆ ಕೆಲವು ರಾಸಾಯನಿಕಗಳು ನೀರಿನಲ್ಲಿ ನಿಲ್ಲದೆ ಕೆಸರಿಗೆ ಇಳಿಯುತ್ತವೆ. ಅವುಗಳನ್ನು ತಿಳಿಯಲು ಕೆಸರಿನಲ್ಲಿ ಬಾಳುವ ಕೆಂಪು ಹುಳುಗಳನ್ನು ಆಶ್ರಯಿಸುತ್ತಾರೆ. ಇವು ಕಚ್ಚದ ಒಂದು ಜಾತಿಯ ನೊಣದ ಮರಿಗಳು. ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ನೇ ಅವುಗಳ ಕೆಂಪಿಗೂ ಕಾರಣ. ಮೂರು ನಾಲ್ಕು ವಾರಗಳಲ್ಲಿ ಎಷ್ಟು ಹುಳುಗಳು ರೆಕ್ಕೆ ಪಡೆದು ಹೊರಬಂದವು, ಎಷ್ಟು ತಡವಾಗಿ ಬಂದವು ಎಂಬುದೇ ಇಲ್ಲಿನ ಲೆಕ್ಕ.

ಮೊಳಕಾಲ್ಮೂರಿನಂತಹ ನಾಡಿಗೆ ಕೆಸರಿನ ವಿಚಾರ ಇನ್ನೂ ಆಳವಾದುದು. ಕೆರೆ ಬತ್ತುವ ಸೂಚನೆ ದೊರೆತಾಗ ನೀರುಚಿಗಟಗಳಲ್ಲಿ ಗಂಡುಗಳು ಹುಟ್ಟುತ್ತವೆ. ಆಗ ಹೆಣ್ಣುಗಳು ಕುದುರೆಯ ಜೀನಿನ ಆಕಾರದ ಗಟ್ಟಿ ಕವಚದೊಳಗೆ ಮೊಟ್ಟೆಗಳನ್ನು ಇಡುತ್ತವೆ. ಒಣಗಿ ಬಿರಿದ ಕೆರೆಯಂಗಳದಲ್ಲಿ ಈ ಮೊಟ್ಟೆಗಳು ವರ್ಷಗಟ್ಟಲೆ ಜೀವ ಹಿಡಿದಿರಬಲ್ಲವು. ಮಳೆ ಬಂದು ನೀರು ನಿಂತಾಗ ಮರಿಗಳು ಹೊರಬರುತ್ತವೆ. ಅದೇ ಮಣ್ಣಿನಲ್ಲಿ ರಾಸಾಯನಿಕಗಳು ಉಳಿದಿದ್ದರೆ ಅವೂ ಅದೇ ಮಳೆಗೆ ನೀರಿಗಿಳಿಯುತ್ತವೆ. ಮರಿಯ ಮೊದಲ ದಿನವೇ ವಿಷದ ಮೊದಲ ದಿನವೂ ಆಗುತ್ತದೆ. ಬೇಸಗೆಯಲ್ಲಿ ಎರಡು ಕೆರೆಗಳ ಒಣಮಣ್ಣನ್ನು ತಂದು, ಬೇರೆಬೇರೆ ಗಾಜಿನ ಪಾತ್ರೆಗಳಲ್ಲಿ ಹಾಕಿ, ಸ್ವಚ್ಛವಾದ ಮಳೆನೀರು ಎರೆದು ಬೆಳಕಿನಲ್ಲಿ ಇರಿಸಿದರೆ, ಕೆಲವು ದಿನಗಳಲ್ಲಿ ಯಾವುದರಲ್ಲಿ ಎಷ್ಟು ಚುಕ್ಕೆಗಳು ಕುಪ್ಪಳಿಸತೊಡಗಿದವು ಎಂಬುದನ್ನು ಬರಿಗಣ್ಣಿನಿಂದಲೇ ಎಣಿಸಬಹುದು.