ಸುರಕ್ಷತಾ ವ್ಯವಸ್ಥೆಯನ್ನು ಎಷ್ಟು ನಂಬಬಹುದು?

ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪದಲ್ಲಿ ಫ್ಯಾಕ್ಟ್ ರಸಗೊಬ್ಬರ ಸಂಸ್ಥೆಯು ಹೊಂದಿದ್ದ 10,000 ಟನ್ ಧಾರಣಶಕ್ತಿಯ ಅಮೋನಿಯ ತೊಟ್ಟಿಯ ಬಳಕೆಯನ್ನು ನಿಲ್ಲಿಸಬೇಕೆಂದು ಕೇರಳ ಉಚ್ಚ ನ್ಯಾಯಾಲಯವು 1994ರಲ್ಲಿ ಆದೇಶಿಸಿತು. ಅಮೋನಿಯವು ಶೂನ್ಯಕ್ಕಿಂತ 33 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿಯುವ ವಸ್ತು. ಹೊರಬಿದ್ದರೆ ಅನಿಲವಾಗಿ ಹರಡಿ ಕಣ್ಣು, ಶ್ವಾಸಕೋಶಗಳನ್ನು ಸುಡುತ್ತದೆ. ಸುತ್ತಲೂ ಬಂದರು, ನೌಕಾನೆಲೆ, ಜನವಸತಿ. ಇಂತಹ ಸ್ಥಳದಲ್ಲಿ ‘ಕವಾಟಗಳಿವೆ, ಎಚ್ಚರಿಕೆಯ ಗಂಟೆಗಳಿವೆ’ ಎಂಬ ಉತ್ತರ ಸಾಲದು. ಬೇಕಾದ ಕ್ಷಣದಲ್ಲಿ ಅವು ಕೆಲಸ ಮಾಡದಿರುವ ಸಂಭವವೆಷ್ಟು ಎಂಬುದನ್ನು ಅಂಕಿಯಲ್ಲಿ ಹೇಳಬೇಕಾಗುತ್ತದೆ.

1984ರ ಡಿಸೆಂಬರ್‌ನಲ್ಲಿ ಭೋಪಾಲದ ಕಾರ್ಖಾನೆಯಲ್ಲಿಯೂ ಸುರಕ್ಷತಾ ವ್ಯವಸ್ಥೆಗಳಿದ್ದವು. ಆದರೆ ಶೈತ್ಯಯಂತ್ರವನ್ನು ನಿಲ್ಲಿಸಲಾಗಿತ್ತು. ಅನಿಲವನ್ನು ಸುಡಬೇಕಾಗಿದ್ದ ಗೋಪುರವು ಬಳಕೆಯಲ್ಲಿರಲಿಲ್ಲ.

ಅಂತರರಾಷ್ಟ್ರೀಯ ವಿದ್ಯುತ್‌ತಾಂತ್ರಿಕ ಆಯೋಗವು 1998ರಿಂದ ಭಾಗಭಾಗವಾಗಿ ಹೊರತಂದು, 2010ರಲ್ಲಿ ಪರಿಷ್ಕರಿಸಿದ 61508 ಸಂಖ್ಯೆಯ ಮಾನಕವು ಇಂತಹ ವ್ಯವಸ್ಥೆಗಳಿಗೆ ನಾಲ್ಕು ಮಟ್ಟಗಳನ್ನು ಗೊತ್ತುಪಡಿಸಿದೆ. ತಂತ್ರಜ್ಞರು ಇದನ್ನು ‘ಸಿಲ್’ ಎನ್ನುತ್ತಾರೆ. ವಿರಳವಾಗಿ ಕೆಲಸಕ್ಕೆ ಬರುವ ವ್ಯವಸ್ಥೆಯು 100 ಬಾರಿಗೆ 1ರಿಂದ 10 ಬಾರಿ ವಿಫಲವಾಗುವಂತಿದ್ದರೆ ಅದು ಮೊದಲನೆಯ ಮಟ್ಟದ್ದು. 1,000 ಬಾರಿಗೆ 1ರಿಂದ 10 ಆದರೆ ಎರಡನೆಯದು. ಹೀಗೆ ಪ್ರತಿ ಮಟ್ಟಕ್ಕೂ ಹತ್ತು ಪಟ್ಟು ಬಿಗಿ. ನಾಲ್ಕನೆಯ ಮಟ್ಟವು ರಾಸಾಯನಿಕ ಕಾರ್ಖಾನೆಗಳಲ್ಲಿ ಬಹು ಅಪರೂಪ.

ಈ ಅಂಕಿ ಯಂತ್ರದ ಮೇಲೆ ಕೊರೆದ ಶಾಶ್ವತ ಮುದ್ರೆಯಲ್ಲ ಎಂಬುದನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ತುರ್ತು ಕವಾಟವೊಂದು ಸರಾಸರಿ ನೂರು ವರ್ಷಕ್ಕೊಮ್ಮೆ, ಹೊರಗೆ ಕಾಣದಂತೆ, ಕೆಟ್ಟು ನಿಲ್ಲುತ್ತದೆಂದು ಭಾವಿಸೋಣ. ವರ್ಷಕ್ಕೊಮ್ಮೆ ಪರೀಕ್ಷಿಸಿದರೆ, ಕೆಟ್ಟಿರುವುದು ಸರಾಸರಿ ಆರು ತಿಂಗಳಲ್ಲಿ ಬಯಲಾಗುತ್ತದೆ. ಆಗ ವೈಫಲ್ಯದ ಸಂಭವ 1,000ಕ್ಕೆ 5. ಅಂದರೆ ಎರಡನೆಯ ಮಟ್ಟ. ಉತ್ಪಾದನೆ ನಿಲ್ಲುತ್ತದೆಂಬ ಕಾರಣಕ್ಕೆ ಪರೀಕ್ಷೆಯನ್ನು ನಾಲ್ಕು ವರ್ಷಕ್ಕೆ ಮುಂದೂಡಿದರೆ ಅದೇ ಕವಾಟದ ಅಂಕಿ 1,000ಕ್ಕೆ 20. ಯಾರೂ ಕೈ ಹಚ್ಚದೆಯೇ ಅದು ಮೊದಲನೆಯ ಮಟ್ಟಕ್ಕೆ ಇಳಿದಿರುತ್ತದೆ! ದಾಖಲೆಯಲ್ಲಿ ಮಾತ್ರ ಹಳೆಯ ಮಟ್ಟವೇ ಉಳಿದಿರುವುದುಂಟು.

ಇನ್ನು, ಒತ್ತಡವನ್ನು ಅರಿಯುವ ಉಪಕರಣ, ನಿರ್ಧರಿಸುವ ನಿಯಂತ್ರಕ, ಮುಚ್ಚುವ ಕವಾಟ, ಈ ಮೂರನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಒಂದಕ್ಕೆ ಎರಡು ಕವಾಟಗಳನ್ನಿಟ್ಟು, ಎರಡಕ್ಕೂ ಒಂದೇ ತಂತಿಯಿಂದ ವಿದ್ಯುತ್ ಕೊಟ್ಟರೆ ಎರಡಿದ್ದ ಪ್ರಯೋಜನ ಬಹುಮಟ್ಟಿಗೆ ಹೋಯಿತು.

ಲೆಕ್ಕಕ್ಕೆ ಮುನ್ನ, ಅಪಾಯವು ಯಾವ ದಾರಿಯಿಂದ ಹೊರಟೀತು ಎಂಬ ಪಟ್ಟಿ ಸಿದ್ಧವಾಗಬೇಕು. ಪಟ್ಟಿಯಲ್ಲಿ ಇಲ್ಲದ ದಾರಿಗೆ ಯಾವ ಮಟ್ಟವೂ ಕಾವಲಾಗದು. 2021ರ ಫೆಬ್ರವರಿ 10ರಂದು ತಿರುವನಂತಪುರದ ಟ್ರಾವಂಕೂರ್ ಟೈಟಾನಿಯಂ ಕಾರ್ಖಾನೆಯಲ್ಲಿ ಫರ್ನೇಸ್ ಎಣ್ಣೆಯ ಕೊಳವೆ ಒಡೆಯಿತು. ಎಣ್ಣೆ ಚರಂಡಿಯ ಮೂಲಕ ಹರಿದು ಕಡಲು ಸೇರಿತು. ವೇಳಿ, ಶಂಖುಮುಖಂ ತೀರಗಳಲ್ಲಿ ಮರಳು ಕಪ್ಪಾಯಿತು.

ಅಪಾಯಕಾರಿ ಪ್ರಕ್ರಿಯೆಗಳ ವಿವರವನ್ನು ಕಾರ್ಮಿಕರಿಗೂ ನೆರೆಹೊರೆಯ ಜನರಿಗೂ ತಿಳಿಸಬೇಕೆಂದು ಕಾರ್ಖಾನೆಗಳ ಅಧಿನಿಯಮಕ್ಕೆ 1987ರಲ್ಲಿ ತಂದ ತಿದ್ದುಪಡಿ ವಿಧಿಸಿತು. ಹಾಗೆ ತಿಳಿಸುವಾಗ ಉಪಕರಣಗಳ ಹೆಸರುಗಳಿಗಿಂತ, ಪ್ರತಿಯೊಂದನ್ನೂ ಕೊನೆಯ ಬಾರಿ ಪರೀಕ್ಷಿಸಿದ ದಿನಾಂಕವೇ ನೆರೆಯವರಿಗೆ ಹೆಚ್ಚು ಉಪಯುಕ್ತ.