ಬರೆದುಕೊಟ್ಟ ಮಾತು, ಹಿಡಿದಿಟ್ಟ ಸರ್ಟಿಫಿಕೇಟು

ವೈದ್ಯಕೀಯ ಕಲಿಯುವ ಮಗನೋ ಮಗಳೋ ನಿಮ್ಮ ಮನೆಯಲ್ಲಿದ್ದರೆ ಬಾಂಡ್ ಎಂಬ ಶಬ್ದ ನಿಮಗೆ ಹೊಸದಲ್ಲ. ಪ್ರವೇಶದ ಗಡಿಬಿಡಿಯಲ್ಲಿ ಛಾಪಾ ಕಾಗದಕ್ಕೆ ಸಹಿ ಬೀಳುತ್ತದೆ. ಓದು ಮುಗಿದ ಮೇಲೆ, "ಸೀಟಿಗಾಗಿ ಹಾಕಿದ ಸಹಿ, ಅದನ್ನು ಪಾಲಿಸಲೇಬೇಕೇ?" ಎಂಬ ಪ್ರಶ್ನೆ ಏಳುತ್ತದೆ.

ಮೊದಲು ಕಾನೂನು ನೋಡೋಣ. ಕರ್ನಾಟಕದ ಕಡ್ಡಾಯ ಸೇವಾ ತರಬೇತಿ ಕಾಯ್ದೆ 2012ರದ್ದು, ಜಾರಿಯಾದುದು 2015ರಲ್ಲಿ. ಎಂ.ಬಿ.ಬಿ.ಎಸ್. ಮುಗಿಸಿದವರು ಒಂದು ವರ್ಷ ಗ್ರಾಮೀಣ ಸರಕಾರಿ ಆಸ್ಪತ್ರೆಯಲ್ಲಿ ದುಡಿಯಬೇಕು, ಆ ತನಕ ಖಾಯಂ ನೋಂದಣಿ ಇಲ್ಲ ಎಂಬುದು ಅದರ ತಿರುಳಾಗಿತ್ತು. 2019ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬೇರೆ ರಾಜ್ಯಗಳ ಇಂತಹ ಬಾಂಡ್‌ಗಳನ್ನು ಎತ್ತಿಹಿಡಿಯಿತು. ಖಾಲಿ ಹುದ್ದೆಗಳಿರುವಷ್ಟು ಮಂದಿಯನ್ನು ಮಾತ್ರ ಕರೆದುಕೊಳ್ಳುವ ತಿದ್ದುಪಡಿಯನ್ನು ನಮ್ಮ ವಿಧಾನಮಂಡಲ 2023ರ ಡಿಸೆಂಬರ್‌ನಲ್ಲಿ ಒಪ್ಪಿತು.

ಈ ಸೇವೆ ಯಾರಿಗೆ ಬೇಕು? ಸಾಗರ, ಹೊಸನಗರ, ತೀರ್ಥಹಳ್ಳಿಯ ಕಾಡಂಚಿನವರನ್ನು ಕೇಳಿ. ಮಂಗನ ಕಾಯಿಲೆಯನ್ನು ಗುರುತಿಸಿದ್ದು 1957ರಲ್ಲಿ, ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ. 2019ರ ಆರಂಭದಲ್ಲಿ ಅದು ಸಾಗರ ತಾಲೂಕಿನ ಅರಳಗೋಡು ಸುತ್ತ ಹಲವರ ಪ್ರಾಣ ತೆಗೆಯಿತು. ಸೌದೆಗೋ ತರಗೆಲೆಗೋ ಕಾಡಿಗೆ ಹೋದವರಿಗೆ ಉಣುಗು ಕಚ್ಚುತ್ತದೆ, ಕೆಲವು ದಿನಗಳಲ್ಲಿ ಜ್ವರ ಏರುತ್ತದೆ. ಇದಕ್ಕೆಂದೇ ಇರುವ ಔಷಧಿಯಿಲ್ಲ. ಬೇಗನೆ ಅನುಮಾನಿಸಿ, ರಕ್ತ ಪರೀಕ್ಷೆಗೆ ಕಳುಹಿಸಿ, ರಕ್ತಸ್ರಾವದ ಮೇಲೆ ಕಣ್ಣಿಟ್ಟು ದೊಡ್ಡ ಆಸ್ಪತ್ರೆಗೆ ಸಾಗಿಸುವ ವೈದ್ಯರೇ ಅಲ್ಲಿಯ ಔಷಧಿ. ಶರಾವತಿ ಹಿನ್ನೀರಿನಾಚೆಯ ತುಮರಿಯವರಂತೂ 2025ರ ಜುಲೈನಲ್ಲಿ ಸೇತುವೆ ತೆರೆಯುವ ತನಕ ರೋಗಿಯನ್ನು ಕರೆದುಕೊಂಡು ಲಾಂಚಿಗಾಗಿ ಕಾಯುತ್ತಿದ್ದರು.

ಅಲ್‌ಮಾಇದಃ ಅಧ್ಯಾಯ ಆರಂಭವಾಗುವುದೇ ಕರಾರು ಪಾಲನೆಯ ಆಜ್ಞೆಯಿಂದ. ಸೀಟು ಪಡೆದು, ಓದು ಮುಗಿಸಿ, ಕರಾರಿನ ಅರ್ಧವನ್ನು ಮಾತ್ರ ಮರೆಯುವುದಕ್ಕೆ ಅಲ್ಲಿ ಆಸ್ಪದವಿಲ್ಲ. ಬಾಂಡ್‌ನಲ್ಲೇ 'ಸೇವೆ ಅಥವಾ ಹಣ' ಎಂದಿದ್ದರೆ ಹಣ ಕಟ್ಟಿದವನನ್ನು ವಚನಭಂಗ ಮಾಡಿದವನೆನ್ನಲಾಗದು. ಆದರೆ ಹಣ ಜ್ವರ ನೋಡುವುದಿಲ್ಲ.

ಕರಾರು ಬರೆಸಿಕೊಳ್ಳುವವರಿಗೂ ಪಾಠವಿದೆ. ಅಲ್‌ಬಕರಃದ 282ನೇ ವಚನದ ಪ್ರಕಾರ, ಸಾಲದ ಪತ್ರದ ಒಕ್ಕಣೆಯನ್ನು ಹೇಳಿ ಬರೆಸಬೇಕಾದವನು ಸಾಲದ ಹೊಣೆ ಹೊರುವವನೇ. ಅವನು ಅಶಕ್ತನಾದರೆ ಅವನ ಪೋಷಕ. ತಾನು ಏನು ಹೊರುತ್ತಿದ್ದೇನೆಂದು ಅವನಿಗೆ ತಿಳಿದಿರಬೇಕಲ್ಲವೇ? ಹದಿನೆಂಟರ ಹುಡುಗಿಯ ಮುಂದೆ ಅಚ್ಚಾದ ಹಾಳೆಯಿಟ್ಟು ಬೆರಳು ತೋರಿಸಿ ಸಹಿ ಹಾಕಿಸುವುದಕ್ಕೂ ಇದಕ್ಕೂ ಬಹಳ ಅಂತರವಿದೆ.

ಇನ್ನು ಸರ್ಟಿಫಿಕೇಟು. ಕಾಯ್ದೆಯ ಪ್ರಕಾರ ನೋಂದಣಿ ತಡೆಯುವುದು ಒಂದು. ಕಾಲೇಜೊಂದು ಶುಲ್ಕದ ತಗಾದೆಗಾಗಿ ಮೂಲ ಅಂಕಪಟ್ಟಿಯನ್ನು ಬೀರುವಿನಲ್ಲಿಡುವುದು ಬೇರೆಯೇ. ನಂತರದ ವಚನದಲ್ಲಿ ಒತ್ತೆಗೆ ಅನುಮತಿಯಿದೆ, ನಿಜ. ಆದರೆ ಮಾರಲು ಬರುವ ವಸ್ತುವೇ ಒತ್ತೆಯಾಗಬೇಕೆಂದು ಫಿಕ್ಹ್ ವಿದ್ವಾಂಸರು ವಿವರಿಸಿದ್ದಾರೆ. ಇನ್ನೊಬ್ಬರ ಅಂಕಪಟ್ಟಿಯನ್ನು ಯಾರು ಕೊಳ್ಳುತ್ತಾರೆ? 1872ರ ಭಾರತೀಯ ಕರಾರು ಕಾಯ್ದೆಯ 171ನೇ ಕಲಮು ಬಾಕಿಗಾಗಿ ವಸ್ತು ಹಿಡಿದಿಡುವ ಸಾಮಾನ್ಯ ಹಕ್ಕನ್ನು ಬ್ಯಾಂಕಿನವರು, ಬಂದರುಕಟ್ಟೆಯವರು ಮೊದಲಾದ ಕೆಲವರಿಗಷ್ಟೇ ಕೊಡುತ್ತದೆ. ಅದರಲ್ಲಿ ಕಾಲೇಜುಗಳ ಹೆಸರಿಲ್ಲ. ಬಾಕಿಯಿದ್ದರೆ ವಸೂಲಿಗೆ ನ್ಯಾಯಾಲಯವಿದೆ. ಕಾಗದ ಹಿಡಿದಿಟ್ಟರೆ ದುಡಿದು ತೀರಿಸುವ ದಾರಿಯನ್ನೇ ಮುಚ್ಚಿದಂತೆ.

ಆದ್ದರಿಂದ ಹೆತ್ತವರೇ, ಸಹಿ ಹಾಕುವ ಮೊದಲು ಬಾಂಡನ್ನು ಮಕ್ಕಳೊಂದಿಗೆ ಕುಳಿತು ಗಟ್ಟಿಯಾಗಿ ಓದಿ. ಎಷ್ಟು ಕಾಲ, ಎಲ್ಲಿ, ಎಷ್ಟು ವೇತನಕ್ಕೆ, ತಪ್ಪಿದರೆ ಎಷ್ಟು ಹಣ ಎಂದು ಕೇಳಿ ಒಂದು ಪ್ರತಿ ಇಟ್ಟುಕೊಳ್ಳಿ. ಮೂಲ ದಾಖಲೆ ಕೊಡಲೇಬೇಕಾದರೆ, ಹಿಂದಿರುಗಿಸುವ ದಿನಾಂಕವಿರುವ ರಶೀದಿ ಪಡೆಯಿರಿ.